ಚಿತ್ರವಿಲ್ಲದ ಚೌಕಟ್ಟುಗಳು

ಅಮೆರಿಕದ ಬಾಸ್ಟನ್ ನಗರದಲ್ಲಿರುವ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್‌ನರ್ ಕಲಾಮಂದಿರವು ಹೊರನೋಟಕ್ಕೆ ತೀರ ಸಾಧಾರಣವಾದ ಕಟ್ಟಡ. ಬಾಗಿಲು ದಾಟಿದ ಪ್ರವಾಸಿಯಾದರೋ ತಾನು ವೆನಿಸ್ಸಿಗೆ ಬಂದೆನೇ ಎಂದು ಬೆರಗಾಗುತ್ತಾನೆ. ಅಲ್ಲಿನ ಅರಮನೆಯೊಂದರ ಮುಖವನ್ನು ಒಳಮಗ್ಗುಲಿಗೆ ತಿರುಗಿಸಿಟ್ಟಂತೆ, ಗಾಜಿನ ಮಾಡಿನ ಕೆಳಗೆ ನಮ್ಮ ತೊಟ್ಟಿಮನೆಯನ್ನು ನೆನಪಿಗೆ ತರುವ ಅಂಗಳ; ಸುತ್ತಲೂ ಕಮಾನು ಕಿಟಕಿಗಳು; ನಡುವೆ ರೋಮನ್ನರ ಕಾಲದ ಬಣ್ಣಗಲ್ಲಿನ ನೆಲ, ಋತುಋತುವಿಗೂ ಬದಲಾಗುವ ಹೂಗಳು.

ಇದನ್ನು ಕಟ್ಟಿಸಿದಾಕೆ ಇಸಬೆಲ್ಲಾ. ಎರಡು ವರ್ಷವೂ ತುಂಬದ ಒಬ್ಬನೇ ಮಗನನ್ನು 1865ರಲ್ಲಿ ಕಳೆದುಕೊಂಡ ಆಕೆಗೆ ದೇಶಸಂಚಾರವೂ ಕಲೆಯೂ ಆಸರೆಯಾದುವು. ತಂದೆಯ ಆಸ್ತಿ ಕೈಸೇರಿದ ಮೇಲೆ, 1892ರಲ್ಲಿ, ಪ್ಯಾರಿಸ್ಸಿನ ಹರಾಜಿನಲ್ಲಿ ವರ್ಮೀರನ ‘ಗಾನಗೋಷ್ಠಿ’ಯನ್ನು ಕೊಂಡಳು, 1896ರಲ್ಲಿ ಟಿಷಿಯನ್ನನ ‘ಯೂರೋಪಾ’ ಮನೆಗೆ ಬಂದಿತು. 1898ರಲ್ಲಿ ಪತಿಯೂ ತೀರಿಕೊಂಡರು. ಇಬ್ಬರೂ ಕಂಡಿದ್ದ ಕನಸನ್ನು ಆಕೆ ಒಬ್ಬಳೇ ನಿಂತು ಕಟ್ಟಿಸಿ, 1903ರಲ್ಲಿ ಬಾಗಿಲು ತೆರೆದಳು. ಯಾವ ವಸ್ತು ಎಲ್ಲಿರಬೇಕೆಂಬುದು ಆಕೆಯದೇ ನಿರ್ಧಾರ. ‘ಯೂರೋಪಾ’ದ ಕೆಳಗೆ ಗೋಡೆಗೆ ತೊಡಿಸಿರುವುದು ಆಕೆಯ ಉಡುಪೊಂದರ ರೇಷ್ಮೆ! ವಿದ್ವಾಂಸರು ಮೂಗು ಮುರಿಯಬಹುದು. ಆದರೆ ಮನೆಯ ಬೆಚ್ಚನೆಯ ಭಾವ ಅಲ್ಲಿರುವಂತೆ ದೊಡ್ಡ ಸರಕಾರಿ ಸಂಗ್ರಹಾಲಯಗಳಲ್ಲಿ ಎಲ್ಲಿದೆ? ಇಸಬೆಲ್ಲಾ ಎಂಬ ಹೆಸರಿನವರಿಗೆ ಇಂದಿಗೂ ಪ್ರವೇಶಧನವಿಲ್ಲವೆಂಬುದು ಮತ್ತೊಂದು ವಿನೋದ.

1924ರಲ್ಲಿ ಆಕೆ ನಿಧನಳಾದಳು. ಜೋಡಣೆಯನ್ನು ಬದಲಿಸಿದರೆ ಸಂಗ್ರಹವೆಲ್ಲ ಹಾರ್ವರ್ಡಿನ ಪಾಲಾಗತಕ್ಕದ್ದೆಂದು ಉಯಿಲಿನಲ್ಲಿ ಬರೆದಿಟ್ಟಿದ್ದಳು. ಧರ್ಮದರ್ಶಿಗಳು ಅದನ್ನು ಪಾಲಿಸಿದರು. ಕಳ್ಳರಿಗೆ ಉಯಿಲಿನ ಹಂಗುಂಟೆ?

1990ರ ಮಾರ್ಚ್ 18ರ ನಡುರಾತ್ರಿ ಪೋಲೀಸರ ವೇಷದ ಇಬ್ಬರು ಬಾಗಿಲು ತಟ್ಟಿದರು. ಒಳಬಿಟ್ಟ ತಪ್ಪಿಗೆ ಕಾವಲುಗಾರರಿಬ್ಬರೂ ನೆಲಮಾಳಿಗೆಯಲ್ಲಿ ಬಂಧಿಗಳಾದರು. 81 ನಿಮಿಷಗಳಲ್ಲಿ 13 ಕೃತಿಗಳು ಮಾಯವಾದುವು. ರೆಂಬ್ರಾಂಟನು 1633ರಲ್ಲಿ ಬರೆದ, ಅವನ ಏಕೈಕ ಕಡಲಚಿತ್ರವೆಂದು ಹೆಸರಾದ ‘ಗೆಲಿಲಿಯ ಬಿರುಗಾಳಿ’ಯನ್ನು ಚೌಕಟ್ಟಿನಿಂದ ಕತ್ತರಿಸಿ ಒಯ್ದರು. ವರ್ಮೀರನ ಕೃತಿಗಳು ಜಗತ್ತಿನಲ್ಲಿ ಉಳಿದಿರುವುದೇ ಸುಮಾರು 35, ಅವುಗಳಲ್ಲೊಂದು ಹೋಯಿತು. ಇಷ್ಟನ್ನು ಆರಿಸಿದವರು ಮೇಲಂತಸ್ತಿನ ಟಿಷಿಯನ್ನನನ್ನು ಮುಟ್ಟದೆ, ಧ್ವಜಸ್ತಂಭದ ತುದಿಯ ಕಂಚಿನ ಹದ್ದೊಂದನ್ನು ಕಿತ್ತುಕೊಂಡು ಹೋದರಂತೆ! ಒಂದು ಕೋಟಿ ಡಾಲರುಗಳ ಬಹುಮಾನ ಸಾರಿದರೂ ಒಂದು ಕೃತಿಯೂ ಮರಳಿಲ್ಲ.

ಡಚ್ಚರ ಕೋಣೆಗೆ ಬಂದವರ ಮಾತು ತಾನಾಗಿ ತಗ್ಗುತ್ತದೆ. ಬಿರುಗಾಳಿಯ ಭಾರಿ ಚೌಕಟ್ಟು ಗೋಡೆಯ ಮೇಲೆ ತನ್ನ ಸ್ಥಳದಲ್ಲಿಯೇ ಇದೆ. ಒಳಗೆ ಕಾಣುವುದು ಗೋಡೆಯ ಹೊದಿಕೆ. ವರ್ಮೀರನ ಚೌಕಟ್ಟು ಕಿಟಕಿಯ ಬಳಿಯ ಮೇಜಿನ ಮೇಲೆ ನಿಂತಿದೆ. ಅದರ ಮುಂದೆ, ಕುಳಿತು ನೋಡುವವರಿಗೆಂದು ಇಸಬೆಲ್ಲಾ ಇರಿಸಿದ್ದ ಕುರ್ಚಿ.