ಬೆಳಗಿನ ಐದೂವರೆಯ ಪಾಠ

1
ಮೈಸೂರು, ಕುವೆಂಪುನಗರ. ಬೆಳಿಗ್ಗೆ 5.30. ಎದುರುಮನೆಯ ನಿವೃತ್ತ ಲೆಕ್ಚರರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ನಿನ್ನೆ ಸಂಜೆ ಐದು. ಅಲ್ಲಿನ ನಾಲ್ಕು ಮಕ್ಕಳಿಗೆ ಪಾಠ, ಒಂಬತ್ತನೇ ತರಗತಿ.

2
ನವೆಂಬರಿನಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಇವರ ಅಲಾರಂ ಒಂದು ಗಂಟೆ ಮುಂದಕ್ಕೆ. ಹಾಲಿನ ಹುಡುಗ ಬರುವ ಹೊತ್ತು ಬದಲಾಗುವುದಿಲ್ಲ.

3
ಪರೀಕ್ಷೆಗೆ ಬರುವುದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಒಂದು ಗಂಟೆಗೆ ಒಂದೇ ಲೆಕ್ಕ. ಇವತ್ತಿನದು: ಒಂದು ಕೂಟದಲ್ಲಿ ಬೆಸ ಸಲ ಕೈಕುಲುಕಿದವರ ಸಂಖ್ಯೆ ಯಾವಾಗಲೂ ಸಮ. ಯಾಕೆ?

ಉತ್ತರವನ್ನು ಮೊದಲೇ ಹೇಳಿಬಿಟ್ಟಿದ್ದಾರೆ.

4
ಪಾಠ ನೋಡಲು ಹೋಗಿದ್ದ ನಾನು, ಯಾರೂ ಮಾತಾಡದ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಂಡೆ. 7 ನಿಮಿಷ.
"ಮೇಡಂ, ಇದ್ದೀರಾ?"
"ಇದ್ದೀನಿ. ಯೋಚನೆ ಮಾಡು."

5
ಮಕ್ಕಳಿಗೆ ಮೇಡಂ ಮುಖ ಕಾಣಿಸುವುದಿಲ್ಲ. ಪರದೆಯ ಮೇಲೆ ಪೆನ್ನಿನ ತುದಿ ಮಾತ್ರ. ಅದು ನಿಂತರೆ ಮಕ್ಕಳೂ ಬರೆಯುವುದು ನಿಲ್ಲಿಸುತ್ತಾರೆ.

6
ಶನಿವಾರ ಭೌತಶಾಸ್ತ್ರ. ಫೈಫಾಕ್ಸ್ ಎಂಬ ಆ್ಯಪ್, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದು ಫೋನಿನ ವೇಗೋತ್ಕರ್ಷ ಅಳೆಯುತ್ತದೆ. ಮೇಜಿನ ಮೇಲೆ ಅಲುಗದೆ ಮಲಗಿದ ಫೋನು 9.8ರ ಹತ್ತಿರ ತೋರಿಸಿತು. ಹಾಸಿಗೆಯ ಮೇಲೆ ಬೀಳಿಸಿದಾಗ, ಬೀಳುವಷ್ಟು ಹೊತ್ತು, ಹೆಚ್ಚುಕಡಿಮೆ ಸೊನ್ನೆ. ನಾಲ್ಕು ಮಕ್ಕಳೂ ಮತ್ತೆ ಬೀಳಿಸಿದರು. ಮತ್ತೆ ಸೊನ್ನೆ. ಸುಮ್ಮನಿರುವುದಕ್ಕೆ ಒಂದು ಅಂಕಿ, ಬೀಳುವುದಕ್ಕೆ ಏನೂ ಇಲ್ಲ. ನಾನೂ ಮನೆಗೆ ಬಂದು ಬೀಳಿಸಿ ನೋಡಿದೆ.

7
ದೂರದಿಂದ ಪಾಠ ಹೊಸದೇನಲ್ಲ. ಹಂಗೆರಿಯ ಡೇನಿಯಲ್ ಅರಾನಿ ಎಂಬ ಮೇಷ್ಟರು 1894ರಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಮಾಸಿಕ ಶುರುಮಾಡಿದರು. ಲೆಕ್ಕ ಅಚ್ಚಾಗುತ್ತಿತ್ತು, ಉತ್ತರ ಅಂಚೆಯಲ್ಲಿ ಬರುತ್ತಿತ್ತು. ಚೆನ್ನಾಗಿ ಬಿಡಿಸಿದವರ ಫೋಟೋ ಮುಂದೆ ಅದರಲ್ಲಿ ಬರತೊಡಗಿತು. ಮುಂದೆ ಹೆಸರಾಂತ ಗಣಿತಜ್ಞರಾದ ಬಾಲಕ ಪಾಲ್ ಏರ್ಡಿಶ್ ಫೋಟೋ ಕೂಡ.

8
ಮಾಸ್ಕೋ, 1964. ಗಣಿತಜ್ಞ ಇಸ್ರೇಲ್ ಗೆಲ್ಫಾಂಡ್ ಕಟ್ಟಿದ ಅಂಚೆ ಶಾಲೆ. ದೂರದ ಊರುಗಳ ಮಕ್ಕಳ ನೋಟ್‌ಬುಕ್ಕು ಬರುತ್ತಿತ್ತು, ತಿದ್ದಿ ವಾಪಸು ಕಳಿಸುತ್ತಿದ್ದರು.

9
2004. ಮುಂದೆ ಖಾನ್ ಅಕಾಡೆಮಿ ಎಂಬ ಆನ್‌ಲೈನ್ ಶಾಲೆ ಕಟ್ಟಿದ ಸಲ್ಮಾನ್ ಖಾನ್, ಬಾಸ್ಟನ್ನಿನಿಂದ, ನ್ಯೂ ಆರ್ಲಿಯನ್ಸಿನಲ್ಲಿದ್ದ ತಂಗಿ ವರಸೆಯ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಟ್ಟರು. ಖಾನ್ ಅಕಾಡೆಮಿಯ ಮೊದಲ ವಿಡಿಯೊಗಳಲ್ಲೂ ಮುಖ ಇಲ್ಲ. ಕಪ್ಪು ಹಲಗೆ, ಬಣ್ಣದ ಗೆರೆ, ದನಿ.

10
ಮೇಡಂ ಪಾಠದಲ್ಲಿ ಹೆಚ್ಚು ಸಲ ಕೇಳಿದ ವಾಕ್ಯ: "ಕೇಳಿಸ್ತಿದೆಯಾ?"

11
ಕೈಕುಲುಕಿನ ಲೆಕ್ಕವನ್ನು ಪಾಠ ಮುಗಿಯುವ ತನಕ ಮಕ್ಕಳು ಬಿಡಿಸಲಿಲ್ಲ. ಮೇಡಂ ಬಿಡಿಸಲೂ ಇಲ್ಲ.

ಬೆಳಿಗ್ಗೆ 10.40ಕ್ಕೆ ಅವರ ಫೋನಿಗೆ ಒಂದು ಫೋಟೋ ಬಂತು. ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ 10.10. ನೋಟ್‌ಬುಕ್ಕಿನ ಹಾಳೆ, ಐದು ಚುಕ್ಕೆ, ನಡುವೆ ಗೆರೆಗಳು. ಕೆಳಗೆ ಒಂದು ಸಾಲು: ಪ್ರತಿ ಗೆರೆಗೂ ಎರಡು ತುದಿ.