ಮುಗೀತೇನವ್ವಾ?

ಅಪ್ಪನ ಫೋನ್ ಬಂದಾಗ ನಾನು ಬಸ್ಸಿನಲ್ಲಿದ್ದೆ. 2024ರ ಜನವರಿ, ಚೆನ್ನೈ ಮ್ಯಾರಥಾನ್ ನಡೆಯುತ್ತಿದ್ದ ಬೆಳಿಗ್ಗೆ. ಓಡಬೇಕಾದವಳಿಗೆ ಬಸ್ಸಿನಲ್ಲೇನು ಕೆಲಸ ಅಂತ ನೀವು ಕೇಳಬಹುದು. ದೊಡ್ಡ ಓಟಗಳಲ್ಲಿ ಎಲ್ಲರ ಹಿಂದೆ ಒಂದು ಬಸ್ಸು ಬರುತ್ತದೆ. ಓಡಲಾರದೆ ದಾರಿಯಲ್ಲಿ ಕೂತವರನ್ನು ಹತ್ತಿಸಿಕೊಂಡು ಹೋಗುತ್ತದೆ. 34ನೇ ಕಿಲೋಮೀಟರಿನ ಫಲಕ ದಾಟಿದ ಮೇಲೆ ನಾನು ಅದನ್ನು ಹತ್ತಿದ್ದೆ.

"ಮುಗೀತೇನವ್ವಾ?" ಬೈಲಹೊಂಗಲದಿಂದ ಅಪ್ಪನ ದನಿ.

"ಹೂಂನ್ರಿ ಅಪ್ಪಾ, ಮುಗೀತು."

ಸುಳ್ಳು ಹೇಳಬೇಕೆಂದು ಹೇಳಿದ ಮಾತಲ್ಲ ಅದು. ನನ್ನ ಪಾಲಿಗೆ ಅವತ್ತಿನ ಓಟ ನಿಜವಾಗಿಯೂ ಮುಗಿದಿತ್ತು. ಗುರಿ ಮುಟ್ಟಿದರೂ ಮುಗೀತು, ಅರ್ಧಕ್ಕೆ ಬಿಟ್ಟರೂ ಮುಗೀತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಅದೇ ಮಾತು. ಅಪ್ಪ ಕೇಳಿದ್ದು ಒಂದು ಅರ್ಥದಲ್ಲಿ, ನಾನು ಹೇಳಿದ್ದು ಇನ್ನೊಂದು ಅರ್ಥದಲ್ಲಿ. "ಶಾಬಾಸ್!" ಅಂತ ಅವರು ಕೂಗಿದ ಕ್ಷಣದಲ್ಲಿ ನಾನು ತಿದ್ದಬಹುದಿತ್ತು. ತಿದ್ದಲಿಲ್ಲ.

ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಪ್ರತಿ ಜೂನ್‌ನಲ್ಲಿ ಎಂಟನೆಯ ಇಯತ್ತೆಗೆ ಹೊಸ ಮಕ್ಕಳು ಬಂದಾಗ ಮೈದಾನದಲ್ಲಿ ಕೂರಿಸಿಕೊಂಡು ಒಂದೇ ಕಥೆ ಹೇಳುತ್ತಿದ್ದರು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರ ಕಥೆ. ಬರಿಗಾಲಲ್ಲಿ ಓಡಿ ರೂಢಿಯಾಗಿದ್ದ ಹುಡುಗ 1920ರಲ್ಲಿ ಹಡಗು ಹತ್ತಿ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋದದ್ದು, ಅವರನ್ನು ಕಳಿಸಲು ದೊರಾಬ್ಜಿ ಟಾಟಾ ಮುಂದೆ ನಿಂತದ್ದು, ಮ್ಯಾರಥಾನ್‌ನಲ್ಲಿ 2 ತಾಸು 50 ನಿಮಿಷದಲ್ಲಿ 19ನೆಯವರಾಗಿ ಬಂದದ್ದು. ಆಗಿನ್ನೂ ಮ್ಯಾರಥಾನಿಗೆ 42.195 ಕಿ.ಮೀ. ಎಂಬ ಅಳತೆ ಗಟ್ಟಿಯಾಗಿರಲಿಲ್ಲ. ಅದು ನಿಗದಿಯಾದದ್ದು ಮರುವರ್ಷ, 1921ರಲ್ಲಿ. ಆಂಟ್ವರ್ಪಿನ ದಾರಿ 42.75 ಕಿ.ಮೀ. ಇತ್ತು. "ಇವತ್ತಿನವರಿಗಿಂತ ಅರ್ಧ ಕಿಲೋಮೀಟರ್ ಹೆಚ್ಚಿಗೇನ ಓಡ್ಯಾರ ನಮ್ಮ ಚೌಗುಲೆ!" ಅನ್ನುವಾಗ ಅಪ್ಪ ತಾವೇ ಓಡಿ ಬಂದವರಂತೆ ಬೆವರು ಒರೆಸಿಕೊಳ್ಳುತ್ತಿದ್ದರು.

ಅಂಥವರ ಮಗಳು ನಾನು. ಶಾಲೆಯಲ್ಲಿ 200 ಮೀಟರ್ ಓಟದಲ್ಲಿ ಒಮ್ಮೆ ಮೂರನೆಯ ಬಹುಮಾನ ಬಂದದ್ದು ಬಿಟ್ಟರೆ ಕ್ರೀಡೆಯ ಲೆಕ್ಕದಲ್ಲಿ ಏನೂ ಇಲ್ಲ. ಇಂಜಿನಿಯರಿಂಗ್ ಮುಗಿಸಿ ಚೆನ್ನೈಗೆ ಬಂದೆ, ಓಎಂಆರ್ ರಸ್ತೆಯ ಕಂಪನಿಯಲ್ಲಿ ಕೂತು ಬೆನ್ನು ಹಿಡಿಸಿಕೊಂಡೆ, ಸಹೋದ್ಯೋಗಿ ಗೆಳತಿಯೊಬ್ಬಳು ಭಾನುವಾರದ ಓಟಕ್ಕೆ ಎಳೆದುಕೊಂಡು ಹೋದಳು. ಎರಡು ಕಿಲೋಮೀಟರಿಗೆ ಏದುಸಿರು ಬಿಡುತ್ತಿದ್ದವಳು ಒಂದೂವರೆ ವರ್ಷದಲ್ಲಿ ಹಾಫ್ ಮ್ಯಾರಥಾನ್ ಓಡಿದೆ. ಮುಂದಿನದು ಫುಲ್ ಅಂತ ನಾನೇ ಅಪ್ಪನಿಗೆ ಹೇಳಿದೆ. ಅವತ್ತಿನಿಂದ ಪ್ರತಿ ರಾತ್ರಿ ಫೋನಿನಲ್ಲಿ "ಇವತ್ತೆಷ್ಟು ಓಡಿದಿ?" ಎಂಬ ಪ್ರಶ್ನೆ ಶುರುವಾಯಿತು.

ಚೆನ್ನೈಯಲ್ಲಿ ಜನವರಿಯ ಓಟಕ್ಕೆ ತಯಾರಾಗುವುದೆಂದರೆ ಹಿಂಗಾರು ಮಳೆಯ ಜೊತೆ ಗುದ್ದಾಡುವುದು. ನಮ್ಮೂರಲ್ಲಿ ಮಳೆಗಾಲ ಮುಗಿಯಿತು ಅನ್ನುವ ಹೊತ್ತಿಗೆ ಇಲ್ಲಿ ಶುರು. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂತು. ನಾನಿದ್ದ ವೇಲಚೇರಿಯ ರಸ್ತೆಗಳಲ್ಲಿ ದೋಣಿ ಓಡಾಡಿದವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಿನಗಟ್ಟಲೆ ಕರೆಂಟಿಲ್ಲ, ನೀರಿಲ್ಲ. ಆ ವಾರಗಳಲ್ಲಿ ನಾನು 28 ಮತ್ತು 32 ಕಿ.ಮೀ. ಓಡಿ ನೋಡಬೇಕಿತ್ತು. ಎರಡೂ ಆಗಲಿಲ್ಲ. ನನ್ನ ಕಾಲು ಕಂಡಿದ್ದ ಅತಿ ದೊಡ್ಡ ದೂರ 24. ಹೋದ ಅಭ್ಯಾಸ ಹೋಯಿತು, ಹಟದಲ್ಲಿ ಓಡಿಬಿಡುತ್ತೇನೆ ಅಂದುಕೊಂಡೆ.

ಓಟದ ದಿನ ಇನ್ನೂ ಕತ್ತಲಿರುವಾಗಲೇ ನೇಪಿಯರ್ ಸೇತುವೆಯಿಂದ ಹೊರಟೆವು. ಎಡಕ್ಕೆ ಮರೀನಾ, ಕಾಣದ ಸಮುದ್ರದ ಸದ್ದು ಮಾತ್ರ. ಬಂಡೆಯನ್ನು ಮೀಟುತ್ತಿರುವ ನಾಲ್ವರು ದುಡಿಮೆಗಾರರ ಪ್ರತಿಮೆ, ಲೈಟ್‌ಹೌಸ್, ಸ್ಯಾಂಥೋಮಿನ ಬಿಳಿ ಚರ್ಚು. ದಾರಿಬದಿಯಲ್ಲಿ ಜನ "ಓಡು ಓಡು" ಅಂತ ಕೂಗುತ್ತಿದ್ದರು. ಈ ಒಂದು ಮಾತಿಗೆ ತಮಿಳು ಕಲಿಯಬೇಕಾಗಿಲ್ಲ. ಅಡ್ಯಾರು ದಾಟುವವರೆಗೂ ನಾನು ಹಬ್ಬಕ್ಕೆ ಹೊರಟವಳಂತಿದ್ದೆ.

ತಪ್ಪು ನಡೆದದ್ದು ನೀರಿನಲ್ಲಿ. ಇಲ್ಲಿನ ಗಾಳಿಯಲ್ಲಿ ತೇವ ಎಷ್ಟೆಂದರೆ ಬೆವರು ಆರುವುದೇ ಇಲ್ಲ, ಸುರಿಯುತ್ತದೆ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ನಾನು ಬಾಯಾರಿಕೆ ಇರಲಿ ಬಿಡಲಿ, ನೀರಿಟ್ಟ ಮೇಜು ಸಿಕ್ಕಲ್ಲೆಲ್ಲ ಲೋಟ ಎತ್ತಿ ಕುಡಿದೆ. ಉಪ್ಪು ಒಂದು ಚಿಟಿಕೆಯೂ ಬಾಯಿಗೆ ಹಾಕಲಿಲ್ಲ. ಹೀಗೆ ತಾಸುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ತೀರಾ ಇಳಿದರೆ ಪ್ರಾಣಕ್ಕೇ ಅಪಾಯ. ಅದು ನನಗೆ ತಿಳಿದದ್ದು ಆಮೇಲೆ. 30ರ ಹೊತ್ತಿಗೆ ಹೊಟ್ಟೆ ತೊಳಸತೊಡಗಿತು, ತಲೆ ಭಾರ, ಬೆರಳು ಊದಿ ಉಂಗುರ ಅಲ್ಲಾಡಲಿಲ್ಲ. 34ರಲ್ಲಿ ವೈದ್ಯಕೀಯ ತಂಡದ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ನೋಡಿ, "ಅಕ್ಕಾ, ಉಕ್ಕಾರುಂಗ" ಅಂದಳು. ಕೂತೆ. ಮತ್ತೆ ಏಳಲು ಅವಳು ಬಿಡಲಿಲ್ಲ.

ಬಸ್ಸಿನಲ್ಲಿ ಹತ್ತು ಹನ್ನೆರಡು ಜನ ಇದ್ದೆವು. ಒಬ್ಬ ಕಾಲೇಜು ಹುಡುಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಪಕ್ಕದಲ್ಲಿ ಅರವತ್ತು ದಾಟಿದ ಹಿರಿಯರು ಕಿತ್ತಳೆ ಸುಲಿಯುತ್ತ ಫೋನಿನಲ್ಲಿ ಹೆಂಡತಿಗೆ "ಮುಡಿಯಲ ಮಾ" ಅಂದು ನಕ್ಕರು. ತಮಿಳಿನಲ್ಲೂ ನಮ್ಮ ಹಾಗೇ ಒಂದು ಮಾತಿದೆ, ಮುಡಿ. ಮುಡಿಂಜಿದು ಅಂದರೆ ಮುಗಿಯಿತು, ಮುಡಿಯಲ ಅಂದರೆ ಆಗಲಿಲ್ಲ. ಅವರು ಸರಿಯಾದದ್ದನ್ನು ಆರಿಸಿಕೊಂಡಿದ್ದರು. ಅದರ ಹಿಂದೆಯೇ ನನ್ನ ಫೋನ್ ರಿಂಗಾದದ್ದು.

ಮೈದಾನದಲ್ಲಿ ಗೆಳತಿ ಪೂರ್ತಿ ಓಡಿ ಬಂದಿದ್ದಳು. ನನ್ನ ಸಪ್ಪೆ ಮೋರೆ ನೋಡಲಾರದೆ ತನ್ನ ಪದಕ ನನ್ನ ಕೊರಳಿಗೆ ಹಾಕಿ ತಮಾಷೆಗೆ ಒಂದು ಫೋಟೊ ತೆಗೆದಳು. ಅದನ್ನು ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದವಳು ನಾನೇ. ಒಂದೂ ಮಾತು ಬರೆಯಲಿಲ್ಲ. ಬರೆಯದಿದ್ದರೆ ಸುಳ್ಳಲ್ಲ ಅಂತ ಒಳಗೆಲ್ಲೋ ಲೆಕ್ಕ ಹಾಕಿದ್ದೆ.

ಊರಿನಲ್ಲಿ ಆ ಫೋಟೊ ದೊಡ್ಡದಾಗಿ ಪ್ರಿಂಟಾಯಿತು. ಹಾಲಿನ ಡೇರಿ, ಕಿರಾಣಿ ಅಂಗಡಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಎಲ್ಲ ಕಡೆ ಅಪ್ಪ ನನ್ನನ್ನು ಓಡಿಸಿದರು. ನಿವೃತ್ತರಾದರೂ ಸಂಜೆ ಶಾಲೆಯ ಮೈದಾನಕ್ಕೆ ಹೋಗಿ ಮಕ್ಕಳನ್ನು ಓಡಿಸುವುದನ್ನು ಅವರು ಬಿಟ್ಟಿರಲಿಲ್ಲ. ಅಲ್ಲಿ ಚೌಗುಲೆಯವರ ಕಥೆಯ ಬಾಲಕ್ಕೆ ಈಗ ನನ್ನ ಕಥೆ ಸೇರಿತು. ಕ್ರೀಡಾಕೂಟದಲ್ಲಿ ಮಕ್ಕಳಿಗೆ ನಾನೇ ಬಹುಮಾನ ಕೊಡಬೇಕೆಂಬ ಮಾತು ಬಂತು. ರಜೆ ಸಿಗುವುದಿಲ್ಲ ಅಂದೆ.

ಜೂನ್‌ನಲ್ಲಿ ಅಪ್ಪನ ಫೋನಿನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಒಂಬತ್ತನೆಯ ಇಯತ್ತೆಯ ಹುಡುಗಿ. "ಅಕ್ಕಾರ, ನಾನು ಮೂರು ಸಾವಿರ ಮೀಟರ್ ಓಡತೇನ್ರಿ. ಕಡೀ ಸುತ್ತಿನ್ಯಾಗ ನಿಂತಬಿಡಬೇಕು ಅನಸತೈತ್ರಿ. ನೀವು ಕಡೀ ಎಂಟು ಕಿಲೋಮೀಟರ್ ಹೆಂಗ ಓಡಿದ್ರಿ?"

ಆ ಕೊನೆಯ ಎಂಟು ಕಿಲೋಮೀಟರನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಎರಡು ದಿನ ಉತ್ತರ ಕೊಡಲಿಲ್ಲ. ಮೂರನೆಯ ದಿನ, ಎಲ್ಲೋ ಓದಿದ್ದನ್ನು, ಮನಸ್ಸು ಗಟ್ಟಿ ಮಾಡಿಕೋ, ಒಂದೊಂದೇ ಹೆಜ್ಜೆ ಎಣಿಸು ಅಂತೆಲ್ಲ ಸೇರಿಸಿ ಹೇಳಿ ಕಳಿಸಿದೆ. ಅವಳು ಕೈ ಮುಗಿಯುವ ಚಿತ್ರ ಕಳಿಸಿದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಹೆಮ್ಮೆಗೆ ಮಾಡಿದ ಮೋಸವನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಈ ಹುಡುಗಿ ಕೊನೆಯ ಸುತ್ತಿನಲ್ಲಿ, ಕಾಲು ಸೋತಾಗ, ನನ್ನ ಮಾತನ್ನು ನಂಬಿ ಓಡುತ್ತಾಳೆ. ಅದು ಓಡದವಳ ಮಾತು.

ಆಗಸ್ಟಿನಲ್ಲಿ ನಾಗರ ಪಂಚಮಿಗೆ ತವರಿಗೆ ಹೋದೆ. ಅವ್ವ ಒಳಗೆ ಉಂಡಿ ಕಟ್ಟುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ, "ಆ ಓಟ ನಾ ಪೂರಾ ಓಡಿಲ್ರಿ ಅಪ್ಪಾ. ಮೂವತ್ನಾಕಕ್ಕ ಬಿಟ್ಟೆ. ಆ ಪದಕ ನಂದಲ್ಲ" ಅಂದೆ.

ಅಪ್ಪ ತುಸು ಹೊತ್ತು ಬೀದಿ ನೋಡಿದರು. ಬೈಗುಳಕ್ಕೆ ಕಾಯುತ್ತಿದ್ದವಳಿಗೆ ಬಂದದ್ದು ಪ್ರಶ್ನೆ. "ಉಪ್ಪು ತಗೊಂಡಿದ್ದಿಲ್ಲೇನು?"

"ಇಲ್ರಿ."

"ಬರೇ ನೀರು ಕುಡದಿ?"

"ಹೂಂ."

"ಅದಕ್ಕ ಮದಲ ಎಷ್ಟರ ತನ ಓಡಿ ನೋಡಿದ್ದಿ?"

"ಇಪ್ಪತ್ನಾಕು."

"ಇಪ್ಪತ್ನಾಕು ಓಡಿದಾಕಿ ನಲವತ್ತೆರಡಕ್ಕ ಹೊಂಟಿದ್ದೇನು?" ಈಗ ದನಿ ಏರಿತು. ಸುಳ್ಳಿಗಲ್ಲ, ತಯಾರಿಗೆ. ಮತ್ತೆ ಮೌನ. ಆಮೇಲೆ ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ಆಂಟ್ವರ್ಪಿನ ಓಟದಾಗ ನಮ್ಮ ದೇಶದವರು ಚೌಗುಲೆ ಒಬ್ಬರ ಇರಲಿಲ್ಲ. ದಾತಾರ ಅಂತ ಇನ್ನೊಬ್ಬರಿದ್ರು. ಅದ ಹಡಗಿನ್ಯಾಗ ಹೋದವರು, ಅದ ದಾರಿ ಓಡಿದವರು. ಅವರಿಗೆ ಮುಗಸಾಕ ಆಗಲಿಲ್ಲ. ಮೂವತ್ತು ವರ್ಷ ಆ ಕಥಿ ಹೇಳೀನಿ, ಅವರ ಹೆಸರ ಒಮ್ಮೆನೂ ತಗದಿಲ್ಲ ನಾನು."

ನಾನು ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗುವಾಗ ಅಪ್ಪ ತಿರುಗಿ, "ನನಗ ಹೇಳಿದ್ದು ಆತು. ಆ ಹುಡಿಗಿಗೆ ನೀನ ಹೇಳಬೇಕು" ಅಂದರು.

ಮರುದಿನ ಸಂಜೆ ಮೈದಾನಕ್ಕೆ ಹೋದೆ. ಅಪ್ಪನಿಗೆ ಹೇಳುವುದಕ್ಕಿಂತ ಅವಳಿಗೆ ಹೇಳುವುದು ಕಷ್ಟವಾಯಿತು. ಅವಳು ಕಣ್ಣು ಪಿಳಿಪಿಳಿ ಮಾಡಿ ಕೇಳಿದಳು, "ಹಂಗಾದ್ರ ಬಸ್ಸು ಹತ್ತಿದ್ರಿ?" ಹತ್ತಿದೆ ಅಂದೆ. "ಬ್ಯಾಸರಾತೇನ್ರಿ?" ಬಹಳ ಅಂದೆ. "ನನಗೂ ಹೋದ ವರ್ಷ ಹಂಗ ಆಗಿತ್ರಿ, ಯಾರಿಗೂ ಹೇಳಿಲ್ಲ" ಅಂದು, ಹೊಟ್ಟೆ ಹಿಡಿದುಕೊಂಡು ಬೇಲಿಯ ಹತ್ತಿರ ಕೂತ ಕಥೆಯನ್ನು ಹೇಳಿದಳು. ಓಟಕ್ಕೆ ಮುಂಚೆ ಹೊಟ್ಟೆ ತುಂಬ ಉಂಡಿದ್ದಳಂತೆ. ನಾವಿಬ್ಬರೂ ಅರ್ಧ ತಾಸು ಮಾತಾಡಿದ್ದು ಬರೀ ಬಿಟ್ಟ ಓಟಗಳ ಬಗ್ಗೆ. ವಾಯ್ಸ್ ಮೆಸೇಜಿನ ನನ್ನ ಭಾಷಣಕ್ಕಿಂತ ಇದು ಅವಳಿಗೆ ಉಪಯೋಗಕ್ಕೆ ಬಂದಿರಬೇಕು.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಡೇರಿ, ಕಿರಾಣಿ, ಚಹಾದಂಗಡಿ, ಹೇಳಿದ್ದಲ್ಲೆಲ್ಲ ಮತ್ತೆ ಹೋಗಿ ತಿದ್ದಿ ಬಂದರು. "ಮೂವತ್ನಾಕು ಓಡ್ಯಾಳ, ನಲವತ್ತೆರಡಲ್ಲ" ಅಂತ. ನನಗೆ ನಾಚಿಕೆಯಿಂದ ಬೀದಿಗೆ ಇಳಿಯಲಾಗಲಿಲ್ಲ. ಚಹಾದಂಗಡಿಯವನು ಮಾತ್ರ, "ಮೂವತ್ನಾಕಂದ್ರ ಇಲ್ಲಿಂದ ಕಿತ್ತೂರು ದಾಟಿ ಹೋದಂಗಲ್ರಿ ಮಾಸ್ತರ!" ಅಂದನಂತೆ.

2025ರ ಜನವರಿಗೆ ಹೆಸರು ಕೊಡುವಾಗ ಅಪ್ಪನನ್ನು ಕೇಳಿದೆ. ನಲವತ್ತೆರಡರ ಕೆಳಗೆ ಏನೈತಿ ಅಂದರು. ಚೆನ್ನೈಯಲ್ಲಿ ಇಪ್ಪತ್ತು ಮೈಲಿಯ ಓಟವೂ ಇದೆ, 32 ಕಿಲೋಮೀಟರಿಗೆ ತುಸು ಹೆಚ್ಚು. "ಅದನ್ನ ಬರಿ" ಅಂದರು. ನನ್ನ ಹಟಕ್ಕೆ ಪೆಟ್ಟು ಬಿತ್ತು. ಬಿಟ್ಟ ವರ್ಷ ಓಡಿದ್ದು 34, ಈಗ ಅದಕ್ಕಿಂತ ಕಡಿಮೆಯೇ? ಆದರೂ ಬರೆದೆ. ಆ ಮಳೆಗಾಲದಲ್ಲಿ 28ರ ತನಕ ಓಡಿ ನೋಡಿದೆ. ಮಳೆ ಸುರಿದ ದಿನ ಮನೆಯ ಮೆಟ್ಟಿಲು ಹತ್ತಿ ಇಳಿದೆ. ಸೊಂಟದ ಚೀಲದಲ್ಲಿ ಉಪ್ಪು ಹಚ್ಚಿದ ಖರ್ಜೂರ ಇಟ್ಟುಕೊಂಡೆ, ಬಾಯಾರಿದಾಗ ಮಾತ್ರ ಕುಡಿಯುವುದನ್ನು ಕಲಿತೆ.

ಓಟದ ದಿನ ಗೆರೆ ದಾಟಿ, ಪದಕ ಹಾಕಿಸಿಕೊಂಡು, ನೆರಳು ಹುಡುಕಿ ಕೂರುವಷ್ಟರಲ್ಲಿ ಫೋನ್.

"ಮುಗೀತೇನವ್ವಾ?"

"ಮೂವತ್ತೆರಡು ಮುಗೀತ್ರಿ ಅಪ್ಪಾ. ನಲವತ್ತೆರಡು ಇನ್ನೂ ಆಗಿಲ್ಲ."

"ಉಪ್ಪು?"

"ತಗೊಂಡಿದ್ದೆ."

"ಛಲೋ ಆತು. ಇಲ್ಲೇ ಅದಾಳ ನೋಡು ಆ ಹುಡಿಗಿ, ಏನೋ ಕೇಳಬೇಕಂತ" ಅಂದು ಅಪ್ಪ ಫೋನನ್ನು ಅವಳ ಕೈಗೆ ಕೊಟ್ಟರು.