ಬುತ್ತಿ ಕಟ್ಟಿಕೊಂಡು ಸೂಡಿಗೆ

ರವಿವಾರ ಮನೆಮಂದಿಗೆಲ್ಲ ಸೂಟಿ, ನಮಗೆ ಮಾತ್ರ ಒಲೆಯ ಮುಂದೆ ಇನ್ನಷ್ಟು ಹೊತ್ತು. ತಿರುಗಾಡಲು ಹೋಗೋಣವೆಂದರೂ ನಸುಕಿನಲ್ಲೆದ್ದು ಬುತ್ತಿ ಕಟ್ಟುವವರು ನಾವೇ ಅಲ್ಲವೇ? ಅದಕ್ಕೇ ಗಜೇಂದ್ರಗಡದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಮಾಡೇನಿ. ಹೊರಗೆ ಹೋಗುವ ದಿನ ಚಹಾಕ್ಕಷ್ಟೇ ಒಲೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮನೆಯಲ್ಲಿ ಇದ್ದೇ ಇರುತ್ತವೆ. ರಾತ್ರಿ ಮೊಸರಿಗೆ ಹೆಪ್ಪು ಹಾಕುವುದು ಯಜಮಾನರ ಪಾಲಿಗೆ. (ಹಾಕ್ತಾರ, ಗೊಣಗಿಕೊಂತ!)

ಕಾಲಕಾಲೇಶ್ವರನ ಗುಡ್ಡಕ್ಕೆ ಮೆಟ್ಟಿಲು ಬಹಳ, ಅತ್ತೆಯವರ ಮೊಣಕಾಲು ಕೇಳುವುದಿಲ್ಲ. ರೋಣದ ಕಡೆಯ ಸೂಡಿಗಾದರೆ ಅವರೂ ಬರುತ್ತಾರೆ. ಜೋಡು ಕಳಸದ ಗುಡಿ, ಕೆತ್ತನೆಯ ಕಲ್ಲಿನ ನಾಗಕುಂಡ, ಎಲ್ಲ ಚಾಲುಕ್ಯರ ಕಾಲದವು. ಸುಮಾರು ಸಾವಿರ ವರ್ಷಗಳ ಹಿಂದೆ ಈ ಕಿಸುಕಾಡು ನಾಡನ್ನು ಆಳಿದವಳು ಅಕ್ಕಾದೇವಿ, ಚಾಲುಕ್ಯ ದೊರೆ ಜಯಸಿಂಹನ ಅಕ್ಕ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ! ಆಕೆಯ ಬುತ್ತಿ ಯಾರು ಕಟ್ಟುತ್ತಿದ್ದರೋ ಎಂದು ನನಗೆ ನಗು ಬರುತ್ತದೆ.

ಮೊದಲ ಸಲ ಹೋದಾಗ ಊಟವಾದ ಮೇಲೆ ಅತ್ತೆಯವರು ಕುಂಡದ ದಂಡೆಯ ನೆರಳಿಗೆ ಕುಳಿತವರು ಏಳಲೇ ಇಲ್ಲ. ಹುಡುಗರು ಅವಸರ ಮಾಡಿದರೆ, “ತಡೀರೋ” ಎಂದು ಗದರಿ ನನ್ನ ಕಡೆ ತಿರುಗಿದರು. “ಇಷ್ಟೊತ್ತು ಸುಮ್ಮನ ಕುಂತಿದ್ದು ಲಗ್ನ ಆದಮ್ಯಾಲೆ ಇದ ಮೊದಲು ನೋಡವ್ವಾ.”